ತುಳಸಿ ಹಬ್ಬದ ಕೈದಿ

ನನಗೊಬ್ಬರು ಕೈದಿ ಇದ್ದರು. ಇದ್ದ ಎನ್ನಬೇಕಿತ್ತೇನೋ, ಆದರೆ ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಮೇಲಾಗಿ ಹೈಸ್ಕೂಲಿನ ಚರಿತ್ರೆ ಮೇಷ್ಟ್ರು, ಕೈದಿಯಾದರೂ ಬಹುವಚನ ಕೊಡದೆ ವಿಧಿಯಿಲ್ಲ. ವರ್ಷಕ್ಕೊಂದು ದಿನ, ತುಳಸಿ ಹಬ್ಬದ ದಿನ, ನಾನು ಯಾವ ಊರಿನಲ್ಲಿದ್ದರೂ ಹುಡುಕಿಕೊಂಡು ಬಂದು ಬಾಗಿಲಲ್ಲಿ ನಿಂತು "ಹಾಜರ್!" ಎಂದು ಕೂಗುತ್ತಿದ್ದರು. ಅಕ್ಕಪಕ್ಕದ ಮನೆಯವರು ನನ್ನನ್ನು ಏನೆಂದುಕೊಂಡರೋ ದೇವರಿಗೇ ಗೊತ್ತು. ಈ ವರ್ಷ ಆಷಾಢದಲ್ಲಿ ಅವರು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಶಿಡ್ಲಘಟ್ಟದಲ್ಲಿ ಅವರ ಕೈಲಿ ಪಾಠ ಹೇಳಿಸಿಕೊಂಡವರು ಬೀದಿಗೆ ಹತ್ತು ಜನ ಸಿಗುತ್ತಾರೆ, ನಮ್ಮ ಮೇಷ್ಟ್ರನ್ನು ನಗೆಪಾಟಲು ಮಾಡಿದೆ ಎಂದು ನನ್ನ ಮೇಲೆ ಬೀಳುತ್ತಾರೆ.

ನಾನು ಗಣಿತದ ಮೇಷ್ಟ್ರಾಗಿ ಶಿಡ್ಲಘಟ್ಟಕ್ಕೆ ಹೋದದ್ದು ಐವತ್ತರ ದಶಕದಲ್ಲಿ. ಆ ವೇಳೆಗಾಗಲೇ ಅವರು ಪೋಲೆಂಡಿನ ಪಾಲಾಗಿದ್ದರು. ಆ ದೇಶ ಅವರಿಗೆ ಅಂಟಿಕೊಂಡದ್ದು ಚಿಕ್ಕಬಳ್ಳಾಪುರದ ಬಸ್ ಸ್ಟ್ಯಾಂಡಿನಲ್ಲಿ. ಕಡಲೆಕಾಯಿ ಕೊಂಡು ತಿಂದು, ಪೊಟ್ಟಣದ ಕಾಗದ ಬಿಡಿಸಿ ನೋಡಿದರೆ ಯಾವುದೋ ಇಂಗ್ಲಿಷ್ ಚರಿತ್ರೆ ಪುಸ್ತಕದ ಹಾಳೆ. ತಲೆಯಿಂದ ಕಾಲಿನವರೆಗೆ ಕಬ್ಬಿಣ ತೊಟ್ಟು ಕುದುರೆಯ ಮೇಲೆ ಕೂತ ಒಬ್ಬ ವೀರನ ಚಿತ್ರ, ಕೆಳಗೆ ಪೋಲೆಂಡ್ ಎಂದು ಅಚ್ಚಾಗಿದೆ. ಹೊರಟಿದ್ದ ಬಸ್ಸಿನಿಂದ ಇಳಿದು ಕಡಲೆಕಾಯಿ ಅಜ್ಜಿಯ ಹತ್ತಿರ ಓಡಿದರಂತೆ. ಅಜ್ಜಿ ಗೋಣಿತಾಟಿನ ಕೆಳಗಿಂದ ಪುಸ್ತಕದ ಉಳಿಕೆಯನ್ನು ಎಳೆದು ಕೊಟ್ಟು, "ಮುಂದರ ಪೇಜೀಲನ್ನೀ ಐಪೋಯಿನಾಯಿ ಸಾಮೀ" ಎಂದಳು. ಮೊದಲಿನ ಹಾಳೆಗಳೆಲ್ಲ ಖಾಲಿಯಾಗಿದ್ದವು. ಹೀಗಾಗಿ ಪೋಲೆಂಡಿನವರಿಗೂ ಜರ್ಮನಿಯ ಸನ್ಯಾಸಿ ಸೈನಿಕರಿಗೂ ಜಗಳ ಯಾಕೆ ಹತ್ತಿತೆಂಬ ಭಾಗವನ್ನು ಚಿಕ್ಕಬಳ್ಳಾಪುರದ ಪ್ರಯಾಣಿಕರು ಸಿಪ್ಪೆಯ ಜೊತೆ ಎಸೆದುಬಿಟ್ಟಿದ್ದರು. ನಾನು ಆ ವಿಷಯ ಎತ್ತಿದರೆ ಮೇಷ್ಟ್ರು ಕೇರ್ ಮಾಡುತ್ತಿರಲಿಲ್ಲ.

"ಯುದ್ಧ ಯಾಕೆ ಶುರುವಾಯ್ತು ಅಂತ ಯುದ್ಧ ಮಾಡೋರಿಗೇ ಗೊತ್ತಿರಲ್ಲ ಕಣ್ರೀ. ಬರೆಯೋನಿಗೆ ಯಾಕೆ ಬೇಕು?" ಎನ್ನುತ್ತಿದ್ದರು.

ಹೌದು, ಬರೆಯುತ್ತಿದ್ದರು. ಆ ಅರ್ಧ ಪುಸ್ತಕವನ್ನು ಆಧಾರವಾಗಿಟ್ಟುಕೊಂಡು ಪೋಲೆಂಡಿನ ವೀರರ ಮೇಲೆ ಕನ್ನಡದಲ್ಲಿ ಒಂದು ಚಾರಿತ್ರಿಕ ಕಾದಂಬರಿ. ನಾಯಕನ ಹೆಸರು ದೊಬ್ರೋಗೊಸ್ತ್. ಕೋಲಾರ ಜಿಲ್ಲೆ ದಾಟಿ ಎರಡು ಸಲ ಬೆಂಗಳೂರು ನೋಡಿದ್ದ ಮನುಷ್ಯ, ಆರುನೂರು ವರ್ಷದ ಹಿಂದಿನ ಪೋಲೆಂಡಿನ ಕಾಡಿನಲ್ಲಿ ಕರಡಿ ಬೇಟೆ ಆಡಿಸುತ್ತಿದ್ದರು. ಬರೆದದ್ದು ಸಾಲದೆಂದು ವೀರರ ಧರ್ಮವನ್ನು ಶಿಡ್ಲಘಟ್ಟದಲ್ಲಿ ಆಚರಣೆಗೂ ತಂದರು. ನಿರಾಯುಧನ ಮೇಲೆ ಕೈ ಮಾಡಬಾರದು ಎಂಬುದು ಒಂದು ನಿಯಮ. ಅದಕ್ಕೆ ತರಗತಿಗೆ ಎರಡು ಬೆತ್ತ ತರುತ್ತಿದ್ದರು. ತಪ್ಪು ಮಾಡಿದ ಹುಡುಗನಿಗೆ ಒಂದನ್ನು ಕೊಟ್ಟು "ರಕ್ಷಿಸ್ಕೊಳ್ಳೋ" ಎನ್ನುತ್ತಿದ್ದರು. ಮೇಷ್ಟ್ರ ಮೇಲೆ ಬೆತ್ತ ಎತ್ತುವ ಗಂಡೆದೆ ಯಾವ ಹುಡುಗನಿಗಿದೆ? ಅವರು ಕೈ ಕಟ್ಟಿ ನಿಲ್ಲುವುದು, ಇವರು "ಶರಣಾದವನನ್ನ ಹೊಡೆಯೋ ಹಾಗಿಲ್ಲ" ಎಂದು ಕೂರಿಸುವುದು. ಚರಿತ್ರೆ ತರಗತಿಯಲ್ಲಿ ಪೆಟ್ಟು ನಿಂತೇಹೋಯಿತು.

ಹೆಂಗಸರು ಭಾರ ಹೊತ್ತಿರುವಾಗ ಗಂಡಸು ಕೈ ಬೀಸಿಕೊಂಡು ನಡೆಯಬಾರದು ಎಂಬುದು ಇನ್ನೊಂದು. ಒಂದು ಬೆಳಿಗ್ಗೆ ರೇಷ್ಮೆಗೂಡಿನ ಮಾರುಕಟ್ಟೆಯ ಬಾಗಿಲಲ್ಲಿ ಒಬ್ಬಾಕೆ ಬಸ್ಸಿಳಿದು ತಲೆಯ ಮೇಲೆ ಗೂಡಿನ ಬುಟ್ಟಿ ಹೊತ್ತಳು. ಮೇಷ್ಟ್ರು ಮುನ್ನುಗ್ಗಿ ಬುಟ್ಟಿ ಇಸಿದುಕೊಂಡು ನಡೆದೇಬಿಟ್ಟರು. ಅಲ್ಲಿ ಬುಟ್ಟಿ ಕಿತ್ತುಕೊಂಡು ಓಡುವವರೆಂದರೆ ದಲ್ಲಾಳಿಗಳು. ಬುಟ್ಟಿ ಯಾರ ಕೈಗೆ ಸಿಕ್ಕಿತೋ ಮಾಲು ಅವರ ಕಡೆ.

"ಏಯ್, ಬುಟ್ಟಿ ಕೆಳಗಿಡಯ್ಯ! ರೇಟು ಮಾತಾಡದೆ ಎಲ್ಲಿಗೆ ಎತ್ಕೊಂಡೋಗ್ತಿದೀಯ?"

"ನಾನು ದಲ್ಲಾಳಿ ಅಲ್ಲಮ್ಮ, ವೀರ!"

"ಯಾವ ವೀರಪ್ಪ ಆದ್ರೂ ಸರಿ, ಇಡು ಬುಟ್ಟಿ!"

ನಾಲ್ಕು ಜನ ಸೇರಿ ಬಿಡಿಸಿಕೊಟ್ಟರು. ನಾನು ಅಲ್ಲೇ ಇದ್ದೆ. ಗುರುತಿಲ್ಲದವನ ಹಾಗೆ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದೆ.

ಇಂಥವರಿಗೆ ನಾನು ಯಜಮಾನನಾದದ್ದು ಶಾಲೆಯ ವಾರ್ಷಿಕೋತ್ಸವದಲ್ಲಿ. ತಮ್ಮ ಕಾದಂಬರಿಯ ಮಹಾಯುದ್ಧವನ್ನು ಅವರು ನಾಟಕ ಮಾಡಿದರು. ಸೀಮೆಎಣ್ಣೆ ಡಬ್ಬ ಕತ್ತರಿಸಿ ಕವಚ, ಮೇಲೊಂದು ಡಬ್ಬ ಕವಿಚಿ ಶಿರಸ್ತ್ರಾಣ. ಇದನ್ನು ತೊಡಲು ಒಬ್ಬ ಹುಡುಗನೂ ಒಪ್ಪಲಿಲ್ಲ. ಕೊನೆಗೆ ಅವರೇ ದೊಬ್ರೋಗೊಸ್ತ್, ನಾನು ಜರ್ಮನಿಯ ಸನ್ಯಾಸಿ ಸೈನಿಕ. ಮೈಮೇಲೆ ಬಿಳಿ ಪಂಚೆ, ಅದರ ಮೇಲೆ ಇದ್ದಿಲಿನಲ್ಲಿ ಬರೆದ ಶಿಲುಬೆ. ಮೂರು ಏಟು ತಿಂದು ಬೀಳುವುದಷ್ಟೇ ನನ್ನ ಪಾತ್ರ. ಆದರೆ ಡಬ್ಬದೊಳಗೆ ಕನ್ನಡಕ ಹಿಡಿಸಲಿಲ್ಲ. ಕನ್ನಡಕ ತೆಗೆದರೆ ನನಗೆ ಹೆಂಡತಿಯೂ ಒಂದೇ ಗೋಡೆಯೂ ಒಂದೇ.

ಎರಡು ಏಟು ಸರಿಯಾಗಿಯೇ ನಡೆಯಿತು. ಅಷ್ಟರಲ್ಲಿ ಡಬ್ಬ ತಿರುಗಿ ಕಣ್ಣಿನ ತೂತು ಕಿವಿಗೆ ಬಂತು. ಕತ್ತಲೆ. ಗಾಬರಿಯಲ್ಲಿ ದೊಣ್ಣೆ ಬೀಸಿದೆ. ಢಣ್ ಎಂದಿತು. ಡಬ್ಬ ತಿರುಗಿಸಿ ನೋಡಿದರೆ ಪೋಲೆಂಡಿನ ವೀರ ಅಂಗಾತ ಬಿದ್ದಿದ್ದಾರೆ! ಜನಕ್ಕೆ ಹಿಡಿಸಲಾರದ ಸಂತೋಷ. "ಒನ್ಸ್ ಮೋರ್! ಒನ್ಸ್ ಮೋರ್!" ನಮ್ಮ ಕಡೆ ಒನ್ಸ್ ಮೋರ್ ಬಂತೆಂದರೆ ಸತ್ತ ದುರ್ಯೋಧನನೂ ಎದ್ದು ಇನ್ನೊಂದು ಸಲ ಹಾಡಿ ಸಾಯಬೇಕು. ಹಾರ್ಮೋನಿಯಂನವನು ಆ ಪದ್ಧತಿಯಂತೆ ಮೊದಲಿಂದ ಬಾರಿಸತೊಡಗಿದ.

"ಏಳ್ರೀ," ನಾನು ಬಗ್ಗಿ ಪಿಸುಗುಟ್ಟಿದೆ. "ಈ ಸಲ ನಾನು ಬೀಳ್ತೀನಿ, ನೀವು ಗೆಲ್ರಿ."

"ಅದು ಹ್ಯಾಗಾಗುತ್ತೆ? ನಾನು ಸೋತಿದೀನಿ."

"ನಾಟಕ ಕಣ್ರೀ ಇದು!"

"ಏಟು ನಾಟಕದ್ದಾ? ಹಣೆ ಮುಟ್ಟಿ ನೋಡಿ."

ಅವರ ಡಬ್ಬ ಸರಿಸಿ ನೋಡಿದರೆ ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಬೋರೆ ಎದ್ದಿತ್ತು. ಎದ್ದರು, ಆದರೆ ಕಾದಾಡಲಿಲ್ಲ. ಮಂಡಿಯೂರಿ ಕತ್ತಿಯನ್ನು ಹಿಡಿಯ ಕಡೆಯಿಂದ ನನ್ನತ್ತ ಚಾಚಿ, ಇಡೀ ಮೈದಾನ ಕೇಳುವಂತೆ, "ಸೋತೆ ಸ್ವಾಮೀ, ನಾನು ನಿಮ್ಮ ಕೈದಿ" ಎಂದರು. ಜನ ಅದಕ್ಕೂ ಒನ್ಸ್ ಮೋರ್ ಎಂದರು. ಅದನ್ನೂ ಹೇಳಿದರು. ಹೀಗೆ ಪೋಲೆಂಡಿನವರು ಗೆದ್ದ ಯುದ್ಧವನ್ನು ಶಿಡ್ಲಘಟ್ಟದಲ್ಲಿ ಎರಡೆರಡು ಸಲ ಸೋತರು. ಹೆಡ್‌ಮಾಸ್ಟರು ತಲೆ ಚಚ್ಚಿಕೊಂಡು, "ಚರಿತ್ರೆ ಮೇಷ್ಟ್ರಾಗಿ ಚರಿತ್ರೇನೇ ಬುಡಮೇಲು ಮಾಡಿದ್ರಲ್ರೀ" ಎಂದರು.

ನಾನು ಅಲ್ಲಿಗೆ ಮುಗಿಯಿತೆಂದುಕೊಂಡೆ. ಮಾರನೆಯ ದಿನ ಹಣೆಗೆ ಪಟ್ಟಿ ಕಟ್ಟಿಕೊಂಡು ಕಡಲೆಕಾಯಿ ಪುಸ್ತಕದ ಜೊತೆ ಸ್ಟಾಫ್ ರೂಮಿಗೆ ಬಂದು ನನ್ನೆದುರು ಕೂತರು. ಆ ಯುದ್ಧದಲ್ಲಿ ಸಿಕ್ಕಿಬಿದ್ದ ಶತ್ರು ವೀರರನ್ನು ಪೋಲೆಂಡಿನ ರಾಜ ಜೈಲಿಗೆ ಹಾಕಲಿಲ್ಲವಂತೆ. ಇಂಥ ಹಬ್ಬದ ದಿನ ರಾಜಧಾನಿಗೆ ಬಂದು ಹಾಜರಾಗಬೇಕು ಎಂದು ಮಾತು ತೆಗೆದುಕೊಂಡು ಮನೆಗೆ ಕಳಿಸಿದನಂತೆ. ಯಾರೋ ಅವರ ಸಂತನ ಹಬ್ಬ, ನವೆಂಬರಿನಲ್ಲಿ ಬರುತ್ತದೆ. ಮೇಷ್ಟ್ರು ಪಂಚಾಂಗ ನೋಡಿ ಹತ್ತಿರದ ಹಬ್ಬ ಹುಡುಕಿದ್ದರು.

"ತುಳಸಿ ಹಬ್ಬದ ದಿನ ಬಂದು ಹಾಜರಾಗ್ತೀನಿ. ಪ್ರತಿ ವರ್ಷ. ಬಿಡುಗಡೆ ಆಗೋವರೆಗೆ."

"ಈಗಲೇ ಬಿಟ್ಟೆ, ಹೋಗ್ರಿ."

"ಬಿಡುಗಡೆಗೆ ಕಾಣಿಕೆ ಕೊಡಬೇಕು. ನನ್ನ ಯೋಗ್ಯತೆಗೆ ತಕ್ಕದ್ದು. ನನ್ನ ಹತ್ರ ಬೆಲೆ ಬಾಳೋದು ಅಂದ್ರೆ ಆ ಕಾದಂಬರಿ ಒಂದೇ. ಮುಗಿದ ದಿನ ನಿಮ್ಮ ಕೈಲಿಡ್ತೀನಿ, ಆವತ್ತು ನಾನು ಸ್ವತಂತ್ರ."

"ಮುಗಿಯೋ ಮುಂಚೆ ನೀವೇ ಮುಗಿದ್ರೆ?" ನನ್ನ ಬಾಯಿಗೆ ಲಂಗುಲಗಾಮಿಲ್ಲ.

"ಸೆರೆಯಲ್ಲೇ ಸತ್ತ ಹಾಗೆ" ಎಂದರು. ಹೇಳುವಾಗ ಮುಖದಲ್ಲಿ ಒಂದು ಚೂರೂ ನಗುವಿರಲಿಲ್ಲ. "ವೀರನಿಗೆ ಅದಕ್ಕಿಂತ ಅವಮಾನ ಇಲ್ಲ."

ಮುಂದಿನ ವರ್ಷವೇ ನನಗೆ ಗೌರಿಬಿದನೂರಿಗೆ ವರ್ಗವಾಯಿತು. ಪೀಡೆ ಕಳೆಯಿತೆಂದು ಗಾಡಿ ಹತ್ತಿದೆ. ಅವರು ಶಿಡ್ಲಘಟ್ಟದಲ್ಲಿ ರಜೆ ಅರ್ಜಿ ಬರೆದರು: "ಗೌರಿಬಿದನೂರಿನಲ್ಲಿ ಕೈದಿಯಾಗಿ ಹಾಜರಾಗಬೇಕಾಗಿರುವುದರಿಂದ ಒಂದು ದಿನದ ರಜೆ ದಯಪಾಲಿಸಬೇಕು." ಹೆಡ್‌ಮಾಸ್ಟರು ಬೆವತುಹೋದರಂತೆ.

"ಏನ್ರೀ ಕೇಸು? ಯಾರಿಗೆ ಹೊಡೆದ್ರಿ?"

"ಹೊಡೆದಿಲ್ಲ ಸಾರ್, ಹೊಡೆಸ್ಕೊಂಡೆ."

"ಹೊಡೆಸ್ಕೊಂಡೋರಿಗೆ ಯಾಕ್ರೀ ಜೈಲು?"

"ಅದೇ ಸಾರ್ ಧರ್ಮ" ಎಂದು ಬಂದರು. ದಾರಿಯಲ್ಲಿ ಮಂಚೇನಹಳ್ಳಿಯ ಹತ್ತಿರ ಬಸ್ಸು ಕೆಟ್ಟು ನಿಂತಿತು. ಇನ್ನೊಂದು ಬಸ್ಸಿಗೆ ಕಾದು ಕೂತ ಜನರನ್ನು ಬಿಟ್ಟು ಇವರು ನಡೆದೇ ಹೊರಟರು. ಹೊತ್ತು ಮುಳುಗುವುದರೊಳಗೆ ಹಾಜರಾಗದಿದ್ದರೆ ಮಾತು ತಪ್ಪಿದ ಹಾಗಂತೆ. ನನ್ನ ಹೆಂಡತಿ ತುಳಸಿ ಕಟ್ಟೆಗೆ ನೆಲ್ಲಿ ಕೊಂಬೆ ಸಿಕ್ಕಿಸುತ್ತಿದ್ದಾಗ ಧೂಳು ಮುಚ್ಚಿದ ಆಕೃತಿಯೊಂದು ಅಂಗಳದಲ್ಲಿ ನಿಂತು "ಹಾಜರ್!" ಎಂದು ಕಿರುಚಿತು. ಅವಳು ಕೊಂಬೆ ಬಿಸಾಡಿ ಒಳಗೆ ಓಡಿಬಂದಳು. ನಾನು ಹೊರಗೆ ಬಂದು ಕಾಲು ನೋಡಿದೆ. ಎರಡು ಅಂಗಾಲಿನಲ್ಲೂ ಬೊಬ್ಬೆ. ಬಾಯಿಗೆ ಬಂದಂತೆ ಬೈದೆ. ಬೈಯುತ್ತಲೇ ಬಿಸಿನೀರು ಕಾಯಿಸಿ ಕಾಲಿಗೆ ಹಾಕಿದೆ.

ಊಟವಾದ ಮೇಲೆ ಕಾದಂಬರಿ ತೆಗೆದರು. ಒಂದು ವರ್ಷ ಬರೆದದ್ದನ್ನು ಒಂದೇ ಪಟ್ಟಿನಲ್ಲಿ ಓದುವುದು ಕೈದಿಯ ಹಕ್ಕು ಎಂದು ಆ ದಿನ ಗೊತ್ತಾಯಿತು. ಯಾರು ಯಾರ ಸೆರೆಯಲ್ಲಿದ್ದಾರೆ ಎಂದು ನನಗೆ ಅನುಮಾನ ಬಂತು. ನಾನು ತೂಕಡಿಸುತ್ತಿದ್ದೆ. ಹೆಂಡತಿ ಮಾತ್ರ ಬಾಗಿಲ ಹತ್ತಿರ ಕೂತು ಕಿವಿಗೊಟ್ಟು ಕೇಳಿದಳು. "ದೊಬ್ರೋಗೊಸ್ತನು ಯಥೋಚಿತವಾಗಿ ಊಟ ಮಾಡಿ ಹೊರಟನು" ಎಂದು ಓದಿದ್ದೇ ತಡ, ತಡೆದಳು.

"ಏನು ಊಟ ಮಾಡಿದ್ರು ಮೇಷ್ಟ್ರೇ, ದೊಡ್ಡಗೌಡ್ರು?" ದೊಬ್ರೋಗೊಸ್ತ್ ಅವಳ ಬಾಯಲ್ಲಿ ಅಷ್ಟರಲ್ಲಾಗಲೇ ದೊಡ್ಡಗೌಡರಾಗಿದ್ದ.

ಮೇಷ್ಟ್ರು ತಬ್ಬಿಬ್ಬಾದರು. ಊಟದ ಹಾಳೆ ಕಡಲೆಕಾಯಿಯ ಜೊತೆ ಹೋಗಿತ್ತು. ಮುಂದಿನ ವರ್ಷ ಅಲ್ಲಿ ಇಲ್ಲಿ ವಿಚಾರಿಸಿ "ಬಾರ್ಲಿ ಗಂಜಿ" ಎಂದು ತಿದ್ದಿಕೊಂಡು ಬಂದರು.

"ಬಾರ್ಲಿ ಗಂಜಿನಾ? ಅದು ಜ್ವರ ಬಂದೋರಿಗೆ ಕೊಡೋದು! ಅದನ್ನ ಕುಡಿದು ಅಷ್ಟು ಭಾರದ ಕಬ್ಬಿಣ ಹೊತ್ಕೊಂಡು ಯಾರಪ್ಪ ಯುದ್ಧಕ್ಕೆ ಹೋಗ್ತಾರೆ? ಒಂದು ಮುದ್ದೆನಾದ್ರೂ ತಿನ್ಸಿ."

ಮೇಷ್ಟ್ರು ಚರಿತ್ರೆಗೆ ಅಪಚಾರವಾಗುತ್ತದೆಂದು ತುಂಬ ಒದ್ದಾಡಿದರು. ಆದರೆ ಕೈದಿ ಮನೆಯೊಡತಿಯ ಮಾತು ಮೀರುವ ಹಾಗಿಲ್ಲವಂತೆ. ಹೀಗೆ ಪೋಲೆಂಡಿಗೆ ರಾಗಿಮುದ್ದೆ ಹೋಯಿತು.

ಬರವಣಿಗೆಗೆ ಅವರು ಪಡುತ್ತಿದ್ದ ಪಾಡು ನನಗೆ ನಿಧಾನವಾಗಿ ತಿಳಿಯಿತು. ನಾನು ಚಿಂತಾಮಣಿಗೆ ವರ್ಗವಾಗಿ ಹೋದ ವರ್ಷ ಮೇಷ್ಟ್ರು ಮೈಯೆಲ್ಲ ಬೆಳ್ಳಗೆ, ರೆಪ್ಪೆಯೂ ಬೆಳ್ಳಗೆ ಬಂದು ನಿಂತರು. ಹಿಮ ಬೀಳುವ ಅಧ್ಯಾಯ ಬರೆಯಬೇಕಿತ್ತಂತೆ, ಹಿಮ ನೋಡಿಲ್ಲ. ಅದಕ್ಕೆ ಚಿಂತಾಮಣಿಯಲ್ಲಿ ಇಳಿದವರೇ ಹಿಟ್ಟಿನ ಗಿರಣಿಗೆ ಹೋಗಿ, ಅರ್ಧ ದಿನ ಒಂದು ಮೂಲೆಯಲ್ಲಿ ಕೂತು ಮೈಮೇಲೆ ಹಿಟ್ಟು ಬೀಳಿಸಿಕೊಂಡಿದ್ದರು. ಆ ಅಧ್ಯಾಯ ಚೆನ್ನಾಗಿಯೇ ಇತ್ತು. ಕೇಳುತ್ತಿದ್ದರೆ ನನಗೆ ಸೀನು ಬಂತು.

ಆದರೆ ಕಥೆ ಮುಂದಕ್ಕೆ ಹೋಗುತ್ತಿರಲಿಲ್ಲ. ದೊಡ್ಡಗೌಡರು ವಿಸ್ಟುಲಾ ನದಿಯ ದಡಕ್ಕೆ ಬಂದು ಮೂರು ವರ್ಷವಾಗಿತ್ತು. ಒಂದು ವರ್ಷ ದೋಣಿ ಸಿಗಲಿಲ್ಲ. ಮರು ವರ್ಷ ದೋಣಿಯವನ ಪೂರ್ವಕಥೆ. ಮೂರನೆಯ ವರ್ಷ ಪ್ರವಾಹ. ಆಚೆ ದಡದಲ್ಲಿ ಕೋಟೆ, ಕೋಟೆಯಲ್ಲಿ ನಾಯಕಿ, ಅವಳೂ ಕಾದು ಕಾದು ಮುದುಕಿಯಾಗುವ ಹೊತ್ತು ಬಂದಿತ್ತು. ನನಗೆ ರೇಗಿಹೋಯಿತು.

"ನಮ್ಮ ಪಿನಾಕಿನಿ ಆಗಿದ್ರೆ ಪಂಚೆ ಎತ್ತಿ ಕಟ್ಟದೇನೇ ದಾಟಿರೋನು! ದಾಟಿಸ್ರಿ ಅವನನ್ನ! ಮುಗಿಸ್ರಿ! ಇಲ್ಲಾ ಅಂದ್ರೆ ಈಗಲೇ ಬಿಡುಗಡೆ ಮಾಡಿದೀನಿ, ನನಗೆ ಯಾವ ಕಾಣಿಕೆಯೂ ಬೇಡ, ಮುಂದಿನ ವರ್ಷದಿಂದ ಬರಬೇಡಿ!"

ಮೇಷ್ಟ್ರು ಹಾಳೆಗಳನ್ನು ಜೋಡಿಸಿ ಮಡಿಲಲ್ಲಿಟ್ಟುಕೊಂಡರು.

"ಪುಕ್ಕಟೆ ಬಿಟ್ರೆ ನಾನು ಯಾವ ಬೆಲೆನೂ ಇಲ್ಲದೋನು ಅಂತಾಗುತ್ತೆ. ನನ್ನನ್ನ ಅಷ್ಟು ಅಗ್ಗ ಮಾಡಬೇಡಿ" ಎಂದರು.

ಬಸ್ಸು ಹತ್ತಿಸಿ ಬಂದ ಮೇಲೆ ಹೆಂಡತಿ ನನಗೆ ಮಂಗಳಾರತಿ ಎತ್ತಿದಳು. "ಲೆಕ್ಕದ ಮೇಷ್ಟ್ರಂತೆ, ಇಷ್ಟು ಲೆಕ್ಕ ಬರಲ್ವಾ ನಿಮಗೆ? ಹೆಂಡ್ತಿ ಹೋಗಿ ಎಷ್ಟು ವರ್ಷ ಆಯ್ತು ಅವರಿಗೆ? ಮಗ ಎಲ್ಲೋ ಹಳ್ಳಿಯಲ್ಲಿದಾನೆ. ಆ ಮನೇಲಿ ಅವರ ಓದು ಕೇಳೋರು ಯಾರಿದಾರೆ? ಗೌಡ್ರು ನದಿ ದಾಟಿಬಿಟ್ರೆ ಕಥೆ ಮುಗೀತು. ಕಥೆ ಮುಗಿದ್ರೆ ಇವರು ಇಲ್ಲಿಗೆ ಬರಕ್ಕೆ ನೆಪ ಏನಿರುತ್ತೆ?"

ನನಗೆ ನಾಚಿಕೆಯಾಯಿತು. ಹಾಗಾದರೆ ಇವರು ಬಿಡುಗಡೆಯಾಗದೆ ಸಾಯಬಾರದೆಂದೂ ಹೆದರುತ್ತಾರೆ, ಬಿಡುಗಡೆಯಾಗಲಿಕ್ಕೂ ಹೆದರುತ್ತಾರೆ. ಆವತ್ತಿನಿಂದ ನಾನು ನದಿಯ ಸುದ್ದಿ ಎತ್ತಲಿಲ್ಲ.

ಆಮೇಲೆ ಚಿಕ್ಕಬಳ್ಳಾಪುರಕ್ಕೆ ಬಂದೆ. ಅವರು ನಿವೃತ್ತರಾದರು, ಆದರೆ ಹಾಜರಿ ತಪ್ಪಲಿಲ್ಲ. ಹೋದ ವರ್ಷ ಬಂದಾಗ ಕೆಮ್ಮು ಜೋರಾಗಿತ್ತು. "ಹಾಜರ್" ಎಂದದ್ದು ನನಗೇ ಸರಿಯಾಗಿ ಕೇಳಿಸಲಿಲ್ಲ. ಎರಡು ಪುಟ ಓದುವಷ್ಟರಲ್ಲಿ ಗಂಟಲು ಕಟ್ಟಿತು. ಹಾಳೆಗಳನ್ನು ನಾನೇ ತೆಗೆದುಕೊಂಡು ಓದಿದೆ. ಕಾಗೆ ಕಾಲಿನ ಅಕ್ಷರ, ಆದರೆ ಓದುತ್ತ ಓದುತ್ತ ನಿಲ್ಲಿಸಲು ಮನಸ್ಸಾಗಲಿಲ್ಲ. ದೊಬ್ರೋಗೊಸ್ತ್ ದಡದಲ್ಲಿ ಕೂತು, ಆಚೆ ದಡದ ಕೋಟೆಯಲ್ಲಿ ದೀಪ ಹಚ್ಚುವುದನ್ನು ನೋಡುತ್ತಾನೆ. ಅಷ್ಟೇ, ಇಪ್ಪತ್ತು ಪುಟ. ತಲೆಯೆತ್ತಿದರೆ ಮೇಷ್ಟ್ರು ಕಣ್ಣುಮುಚ್ಚಿ ಕೇಳುತ್ತಿದ್ದರು. ಈ ಮನುಷ್ಯನನ್ನು ನಾನು ನನ್ನ ಸ್ವಂತ ಅಣ್ಣನಿಗಿಂತ ಹೆಚ್ಚು ಹಚ್ಚಿಕೊಂಡಿದ್ದೇನೆ ಎಂದು ನನಗೆ ಆವತ್ತು ಗೊತ್ತಾಯಿತು. "ಕಷಾಯ ಕುಡೀರಿ" ಎಂದೆ.

ಆಷಾಢದಲ್ಲಿ ಕಾರ್ಡು ಬಂತು. ಕಾರ್ಡು ಕೈಗೆ ಬರುವಷ್ಟರಲ್ಲಿ ಎಲ್ಲ ಕಾರ್ಯವೂ ಮುಗಿದಿತ್ತು. ಸೆರೆಯಲ್ಲೇ ಸತ್ತರು ಎಂಬುದು ನನ್ನನ್ನು ಕೊರೆಯಿತು. ಚಿಂತಾಮಣಿಯಲ್ಲಿ ಬರಬೇಡಿ ಎಂದದ್ದು ಅದಕ್ಕಿಂತ ಹೆಚ್ಚು ಕೊರೆಯಿತು. ತುಳಸಿ ಹಬ್ಬದ ದಿನ ಬೆಳಿಗ್ಗೆಯಿಂದ ಮನೆಯಲ್ಲಿ ಎಲ್ಲರ ಮೇಲೂ ಹರಿಹಾಯ್ದೆ. ಹೆಂಡತಿ ಒಂದು ಸೇರು ಬೇಳೆ ಹೆಚ್ಚಿಗೆ ನೆನೆಹಾಕಿದಳು.

ಮಧ್ಯಾಹ್ನದ ಹೊತ್ತಿಗೆ ಯಾರೋ ಬಾಗಿಲು ತಟ್ಟಿದರು. ಮೂವತ್ತರ ಆಸುಪಾಸಿನ ಗಂಡಸು. ಕೈಯಲ್ಲಿ ಚೀಲ, ಮುಖದಲ್ಲಿ ತಪ್ಪು ವಿಳಾಸಕ್ಕೆ ಬಂದವನ ಸಂಕೋಚ.

"ಸಾರ್, ನಾನು ಮೇಷ್ಟ್ರ ಮಗ. ಕೆಂಚಾರ್ಲಹಳ್ಳಿಲಿ ರೇಷ್ಮೆ ಇಲಾಖೆ ಕೆಲಸ. ನನಗೆ ಈ ಪೋಲೆಂಡು ಗೀಲೆಂಡು ಏನೂ ಗೊತ್ತಿಲ್ಲ ಸಾರ್. ಅಪ್ಪ ಕೊನೇಲಿ ಒಂದೇ ಮಾತು ಹೇಳಿದ್ರು, ತುಳಸಿ ಹಬ್ಬದ ದಿನ ನನ್ನ ಬದಲಿಗೆ ಹೋಗಿ ಹಾಜರಾಗು, ಈ ಕಟ್ಟು ಕೊಡು ಅಂತ." ಗಂಟಲು ಸರಿಮಾಡಿಕೊಂಡು ಆ ಕಡೆ ಈ ಕಡೆ ನೋಡಿ, ಮೆಲ್ಲಗೆ, "ಹಾಜರ್" ಎಂದ.

ಅಡುಗೆ ಮನೆಯಲ್ಲಿ ಏನೋ ಬಿದ್ದ ಸದ್ದಾಯಿತು.

ಕಟ್ಟು ಬಿಚ್ಚಿದೆ. ಪೂರ್ತಿ ಕಾದಂಬರಿ. ನಾನು ಕಡೆಯ ಪುಟಗಳಿಗೇ ಹೋದೆ. ದೊಬ್ರೋಗೊಸ್ತ್ ನದಿ ದಾಟಿದ್ದ, ಕೋಟೆ ಸೇರಿದ್ದ, ಮದುವೆಯೂ ಆಗಿತ್ತು. ಕೆಳಗೆ "ಸಂಪೂರ್ಣ" ಎಂದು ಬರೆದು ಎರಡು ಗೆರೆ ಎಳೆದಿದ್ದರು. ಆ ಹಾಳೆಗಳು ಹಳದಿ ತಿರುಗಿ ಅಂಚು ಮುರಿಯುತ್ತಿದ್ದವು. ಎಲ್ಲಕ್ಕಿಂತ ಹಳೆಯ ಹಾಳೆಗಳು. ಹಿಂಬದಿಯಲ್ಲಿ ಅವರು ಕರಡು ಮಾಡಿದ್ದ ಗೌರಿಬಿದನೂರಿನ ಆ ಮೊದಲ ರಜೆ ಅರ್ಜಿ ಇತ್ತು. ನನ್ನ ಮನೆಗೆ ಬೊಬ್ಬೆ ಎದ್ದ ಕಾಲಿನಲ್ಲಿ ನಡೆದು ಬಂದ ದಿನಗಳಲ್ಲೇ ಕಾದಂಬರಿ ಮುಗಿದುಹೋಗಿತ್ತು. ದೋಣಿ, ದೋಣಿಯವನು, ಪ್ರವಾಹ, ಹಿಮ ಎಲ್ಲವನ್ನೂ ಆಮೇಲೆ ನಡುವೆ ತುರುಕುತ್ತ ಬಂದಿದ್ದರು. ಬಿಡುಗಡೆಯ ಕಾಣಿಕೆ ಕೈಯಲ್ಲಿಟ್ಟುಕೊಂಡೇ ಮಹಾರಾಯರು ಅಷ್ಟೂ ವರ್ಷ ಸೆರೆಗೆ ಬರುತ್ತಿದ್ದರು.

ಮೇಲೆ ಒಂದು ಚೀಟಿ ಇತ್ತು. ಗಟ್ಟಿಯಾಗಿಯೇ ಓದಿದೆ. "ಸ್ವಾಮೀ, ಕಾಣಿಕೆ ಸ್ವೀಕರಿಸಿ. ಬಿಡುಗಡೆಯ ಕ್ರಮ: ಕೈದಿಯ ಅಥವಾ ಅವನ ವಾರಸುದಾರನ ಮುಂದೆ ನಿಂತು 'ನೀನು ಸ್ವತಂತ್ರ' ಎಂದು ಮೂರು ಸಲ ಹೇಳತಕ್ಕದ್ದು."

ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತಳು. ನಾನು 'ಕೂತ್ಕೊಳ್ಳಪ್ಪ, ಊಟ ಮಾಡು' ಎಂದೆ. ಊಟವಾಯಿತು. ಹುಡುಗ ಗಡಿಯಾರ ನೋಡಿ, ನಾಲ್ಕೂವರೆಗೆ ಬಸ್ಸಿದೆ, ಅದೇನೋ ಹೇಳಬೇಕಂತಲ್ಲ ಸಾರ್, ಹೇಳಿಬಿಟ್ಟರೆ ಹೊರಡುತ್ತೇನೆ ಎಂದ. ಎದ್ದು ನಿಂತ. ನಾನೂ ಎದ್ದು ನಿಂತೆ.

"ನೀನು ಸ್ವತಂತ್ರ" ಎಂದೆ.

ಹುಡುಗ ತಲೆಯಾಡಿಸಿದ.

"ನೀನು ಸ್ವತಂತ್ರ." ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದೆ. ಹುಡುಗ ಕಾದ. ಹೆಂಡತಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಇನ್ನೊಂದು ಸಲ ಬಾಕಿ ಅಲ್ವಾ ಸಾರ್?" ಎಂದು ಹುಡುಗ ಮೆಲ್ಲಗೆ ಕೇಳಿದ.

ನಾನು ಕಟ್ಟನ್ನು ಮತ್ತೆ ಬಿಗಿದು ಅವನ ಚೀಲಕ್ಕೇ ಹಾಕಿದೆ.

"ಅದನ್ನ ಬರೋ ವರ್ಷ ಹೇಳ್ತೀನಿ" ಎಂದೆ. "ತುಳಸಿ ಹಬ್ಬಕ್ಕೆ ಬಾ."